ಗದ್ದೆಯ ನಡುವೆ ಸಿಕ್ಕಿಬಿದ್ದ ನಾಯಕ

ಹೋದ ಆಷಾಢದಲ್ಲಿ ನಾಪೋಕ್ಲಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬ ಹೆಂಗಸು ಬಂದು ಕೂತರು. ಕಾಲ ಬಳಿ ಅಗೆಯ ಕಟ್ಟುಗಳು, ಅಂದರೆ ನಾಟಿಗೆಂದು ಕಿತ್ತ ಭತ್ತದ ಸಸಿಗಳು. ತಂಗಿಯ ಮನೆಯಲ್ಲಿ ಅಗೆ ಸಾಲದೆ ಹೋಯಿತಂತೆ, ತಮ್ಮಲ್ಲಿ ಮಿಕ್ಕಿದ್ದನ್ನು ಒಯ್ಯುತ್ತಿದ್ದರು. ಬೇರಿನ ಕೆಸರು ಬಸ್ಸಿನ ನೆಲದ ಮೇಲೆ ಸೋರಿ ನನ್ನ ಚಪ್ಪಲಿಯವರೆಗೂ ಬಂತು. "ಕಾಲಿಗೆ ಹತ್ತಿತಾ? ಬೇಜಾರು ಮಾಡ್ಬೇಡಿ ಅಜ್ಜಾ" ಅಂದರು. ಇಲ್ಲ ಬಿಡಿ ಅಂದೆ. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇದ್ದ ನಾಲ್ಕು ಹಲ್ಲನ್ನೂ ಕಚ್ಚಿ ಹಿಡಿದೆ. ಹಳೆಯ ವಾಸನೆ ಬಂದರೆ ಜನರಿಗೆ ಕಣ್ಣು ತುಂಬುತ್ತದೆ ಎಂದು ಕೇಳಿದ್ದೇನೆ. ನನಗೆ ಸಿಟ್ಟು ಬರುತ್ತದೆ. ಅದೇ ಬಸ್ಸು, ಅದೇ ದಾರಿ, ಅದೇ ಮಳೆ. ನಾನು ಮಡಿಕೇರಿಯ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗಿನ ಸಿಟ್ಟು ಅದು.

ಕೊಡಗು ಆಗ ತನ್ನದೇ ಒಂದು ರಾಜ್ಯ. ನಮ್ಮದೇ ಸರ್ಕಾರ, ನಮ್ಮದೇ ಮಂತ್ರಿಗಳು. ಮಂತ್ರಿಗಳ ಕಾರು ಮಾರ್ಕೆಟ್ಟಿನ ಇಳಿಜಾರಿನಲ್ಲಿ ಹೋದರೆ ತರಕಾರಿ ಮಾರುವವರೂ ಎದ್ದು ನಿಲ್ಲುತ್ತಿದ್ದರು. ನಮ್ಮ ಹೆಡ್‌ಮಾಸ್ಟರಿಗೂ ಆ ಗಾಳಿ ತಗುಲಿತ್ತು. ಹೊಸ ದೇಶಕ್ಕೆ ಹೊಸ ನಾಯಕರು ಬೇಕು, ಅವರು ಇದೇ ಶಾಲೆಯಿಂದ ಬರಬೇಕು ಎಂಬುದು ಅವರ ಹಟ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ನಾಯಕತ್ವದ ಬಗ್ಗೆ ಒಂದು ಭಾಷಣ ತಪ್ಪುತ್ತಿರಲಿಲ್ಲ. ಮಂಜಿನಲ್ಲಿ ಅವರ ಮುಖ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ನಾಯಕ ಮುಂದೆ ನಡೆಯಬೇಕು, ನಾಯಕ ಹಿಂದೆ ತಿರುಗಿ ನೋಡಬಾರದು, ಹೀಗೆ. ಹಾಸ್ಟೆಲಿಗೆ ಒಬ್ಬ ನಾಯಕನನ್ನು ಹುಡುಗರೇ ಕೈಯೆತ್ತಿ ಆರಿಸಬೇಕು ಎಂದೂ ಅವರೇ ನಿಯಮ ಮಾಡಿದರು. ಆರಿಸಿದವನ ಕೊರಳಿಗೆ ಕೆಂಪು ದಾರದಲ್ಲಿ ಒಂದು ಹಿತ್ತಾಳೆಯ ವಿಸಿಲ್.

ಆ ಜೂನ್‌ನಲ್ಲಿ ಆ ವಿಸಿಲ್ ನನ್ನ ಕೊರಳಿಗೆ ಬಿತ್ತು. ನಾನು ಕುಶಾಲನಗರದ ಹತ್ತಿರದವನು. ನಮ್ಮಪ್ಪ ಹಾಸನದ ಕಡೆಯಿಂದ ಬಂದು ಅಲ್ಲಿ ಗದ್ದೆ ಮಾಡಿಕೊಂಡಿದ್ದ ರೈತ. ಹಾಸ್ಟೆಲಿನಲ್ಲಿ ಕೊಡವ ತಕ್ಕು, ಅರೆಭಾಷೆ, ಮಲಯಾಳ, ತುಳು ಎಲ್ಲ ಇತ್ತು. ನನ್ನ ಕನ್ನಡ ಕೇಳಿದರೆ ಸಾಕು, ಎಲ್ಲರಿಗೂ ನಗು. "ಏನ್ಲಾ ತಮ್ಮಯ್ಯ" ಎಂದು ನನ್ನ ಮಾತನ್ನೇ ನನಗೆ ಆಡಿ ತೋರಿಸುತ್ತಿದ್ದರು. ಆದರೂ ಕೈಯೆತ್ತಿದ್ದು ನನಗೇ. ಮಳೆಯಲ್ಲಿ ಸೌದೆ ಒಣಗಿಸಿಡುವುದು, ಜ್ವರ ಬಂದವನಿಗೆ ಗಂಜಿ ಕಾಯಿಸುವುದು, ಅಡುಗೆಭಟ್ಟರು ಮುನಿಸಿಕೊಂಡರೆ ಸಮಾಧಾನ ಮಾಡುವುದು ನನಗೆ ಬರುತ್ತಿತ್ತು. ವಿಸಿಲ್ ಹಾಕಿಕೊಂಡು ಅಪ್ಪನಿಗೆ ಕಾಗದ ಬರೆದೆ. ಅಪ್ಪನಿಗೆ ಓದು ಬಾರದು, ಪಕ್ಕದ ಮನೆಯವರಿಂದ ಓದಿಸಿ ಊರಿಗೆಲ್ಲ ಹೇಳಿಕೊಂಡು ತಿರುಗಿದನಂತೆ.

ನನ್ನೆದುರು ನಿಂತು ಸೋತವನು ವಸಂತಕುಮಾರ. ಪೇಟೆಯ ದೊಡ್ಡ ಕಂಟ್ರಾಕ್ಟರರ ಮಗ. ಮನೆ ಊರಲ್ಲೇ ಇದ್ದರೂ ಶಿಸ್ತು ಬರಲಿ ಎಂದು ಅವರಪ್ಪ ಹಾಸ್ಟೆಲಿಗೆ ಹಾಕಿದ್ದರು. ಒಳ್ಳೆಯ ಮೈಕಟ್ಟು, ಚೆಂದದ ಇಂಗ್ಲಿಷು, ಹಾಕಿ ಆಟದಲ್ಲಿ ಮುಂದು. ಹೆಡ್‌ಮಾಸ್ಟರು ನಾಯಕ ಎಂದಾಗಲೆಲ್ಲ ಅವರ ಕಣ್ಣು ಅವನತ್ತಲೇ ಹೋಗುತ್ತಿತ್ತು.

ಮಳೆ ಹಿಡಿದು ಕಳಲೆಯ ಕಾಲ ಬಂತು. ಬಿದಿರಿನ ಎಳೆ ಮೊಳಕೆ ಅದು. ಹಾಸ್ಟೆಲಿನ ನೀರು ಸಾರಿನಿಂದ ಬೇಸತ್ತ ಹುಡುಗರಿಗೆ ಕಳಲೆ ಪಲ್ಯದ ಆಸೆ ಹುಟ್ಟಿತು. ಒಂದು ಭಾನುವಾರ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ವಸಂತ ಕಾಡಿಗೆ ಹೊರಟ. ಕಾಡಿಗೆ ಹೋಗಬಾರದು ಎಂಬುದು ಹಾಸ್ಟೆಲಿನ ಮೊದಲ ನಿಯಮ. ಆನೆ ಇಳಿಯುವ ಕಾಲ ಬೇರೆ. ನಾನು ಬೇಡವೆಂದರೂ ಕೇಳಲಿಲ್ಲ. ಕತ್ತಲಾದರೂ ಬಾರದಾಗ ನಾನೇ ಲಾಂದ್ರ ಹಿಡಿದು ಹುಡುಕಿಕೊಂಡು ಹೋದೆ, ಸಿಕ್ಕಿದರು, ಕರೆದುಕೊಂಡು ಬರುತ್ತಿದ್ದೆ. ಗೇಟಿನ ಬಳಿ ಹೆಡ್‌ಮಾಸ್ಟರು ಛತ್ರಿ ಹಿಡಿದು ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ವಸಂತ ಮುಂದೆ ಹೋಗಿ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟ. ಇವರನ್ನೆಲ್ಲ ತಮ್ಮಯ್ಯ ಕರೆದುಕೊಂಡು ಹೋಗಿದ್ದ, ತಾನು ತಡೆಯಲು ಬೆನ್ನಟ್ಟಿ ಹೋಗಿದ್ದೆ ಎಂದು. ಲಾಂದ್ರ ಇದ್ದದ್ದು ನನ್ನ ಕೈಯಲ್ಲಿ. ಕಳಲೆಯ ಮೂಟೆ ಹೊತ್ತಿದ್ದವನಿಗೆ ಸುಸ್ತಾಗಿದೆ ಎಂದು ಅದನ್ನೂ ನಾನೇ ಹೆಗಲಿಗೆ ಹಾಕಿಕೊಂಡಿದ್ದೆ. ಹೆಡ್‌ಮಾಸ್ಟರು ಉಳಿದವರನ್ನು ಕೇಳಿದರು. ಒಬ್ಬನೂ ತುಟಿ ಪಿಟಕ್ಕೆನ್ನಲಿಲ್ಲ.

ಮರುದಿನ ಪ್ರಾರ್ಥನೆಯಲ್ಲಿ ನನ್ನ ಕೈಗೆ ಬೆತ್ತದ ಏಟು ಬಿತ್ತು. ಅದು ನೋಯಲಿಲ್ಲ. ಕೊರಳಿನಿಂದ ವಿಸಿಲ್ ತೆಗೆದು ಎಲ್ಲರೆದುರು ವಸಂತನಿಗೆ ಹಾಕಿದರು, ಅದೂ ಹೋಗಲಿ. ಅಪ್ಪನನ್ನು ಕರೆಸಿದರಲ್ಲ, ಅದನ್ನು ನಾನು ಸಹಿಸಲಾರದೆ ಹೋದೆ. ಅಪ್ಪ ಮೊದಲ ಬಸ್ಸಿಗೆ ಬಂದು, ಒದ್ದೆ ಕಂಬಳಿ ಹೊದ್ದು, ಆಫೀಸಿನ ಜಗಲಿಯ ಕೆಳಗೆ ಮಳೆಯಲ್ಲೇ ನಿಂತಿದ್ದ. ಒಳಗೆ ಬಾ ಎಂದು ಯಾರೂ ಹೇಳಲಿಲ್ಲ, ಅವನೂ ಹತ್ತಲಿಲ್ಲ.

"ತಪ್ಪಾಯ್ತು ಬುದ್ಧಿ. ಇನ್ನೊಂದ್ ಸಲ ಹಂಗ್ ಮಾಡಲ್ಲ ಹುಡ್ಗ. ನಿಮ್ ಕಾಲಿಗ್ ಬೀಳ್ತೀನಿ, ಇಸ್ಕೂಲಿಂದ ಮಾತ್ರ ತೆಗೀಬೇಡಿ" ಅಂದ.

ವಸಂತ ಹಾಜರಿ ಒಪ್ಪಿಸಲೆಂದು ಅಲ್ಲೇ ಬಾಗಿಲ ಬಳಿ ನಿಂತಿದ್ದ. ಅಪ್ಪ ಅವನಿಗೂ ಕೈ ಮುಗಿದ. ಚಿಕ್ಕ ಮಾಸ್ತರರೇ ಇರಬೇಕು ಎಂದುಕೊಂಡನೋ ಏನೋ. ಆ ಹುಡುಗ ತಲೆ ಆಡಿಸಿ ಆ ನಮಸ್ಕಾರವನ್ನು ತೆಗೆದುಕೊಂಡ!

ಬಸ್ಸಿನ ಹತ್ತಿರ ಅಪ್ಪ ಕೇಳಿದ, "ಯಾಕ್ಲಾ ಹಿಂಗ್ ಮಾಡ್ದೆ?"

"ನಾನಲ್ಲ ಕಣಪ್ಪಾ."

"ಆಗಿದ್ದಾಯ್ತು. ಬಾಯ್ ಮುಚ್ಕೊಂಡ್ ಓದ್ಕೊ."

ನಂಬಲಿಲ್ಲ. ನನ್ನಪ್ಪ ನನ್ನನ್ನು ನಂಬದೆ ಬಸ್ಸು ಹತ್ತಿದ. ಆ ಗಳಿಗೆಯಲ್ಲಿ ನಾನು ನಿಶ್ಚಯ ಮಾಡಿಕೊಂಡೆ. ನಿಜವನ್ನು ವಸಂತನ ಬಾಯಿಂದಲೇ ಹೊರಡಿಸಬೇಕು. ಎಲ್ಲರೆದುರು. ಅವನಪ್ಪನೆದುರು. ಅದಕ್ಕಿಂತ ಕಡಿಮೆಗೆ ನನಗೆ ಸಮಾಧಾನವಿಲ್ಲ.

ದೇವರು ಕಣ್ಣುಬಿಟ್ಟ ಎನ್ನಬೇಕು. ಶ್ರಮದಾನದ ಕಾಲ ಅದು, ಎಲ್ಲಿ ನೋಡಿದರೂ ಹಾರೆ ಗುದ್ದಲಿ ಹಿಡಿದವರ ಮಾತು. ನಾಪೋಕ್ಲಿನ ಹತ್ತಿರ ಬೆಳ್ಯಪ್ಪಜ್ಜ ಎಂಬ ಹಿರಿಯರಿದ್ದರು. ಮಕ್ಕಳೆಲ್ಲ ಸೈನ್ಯದಲ್ಲಿ, ಆಳುಗಳೆಲ್ಲ ಎಸ್ಟೇಟಿನ ಲೈನ್ ಮನೆಗಳಿಗೆ ಹೋಗಿ ಸೇರಿದ್ದರು, ಗದ್ದೆ ಹಾಗೇ ಬಿದ್ದಿತ್ತು. ದೇಶ ಕಾಯುವವರ ಗದ್ದೆಯನ್ನು ನಮ್ಮ ವಿದ್ಯಾರ್ಥಿಗಳು ನಾಟಿ ಮಾಡಲಿ ಎಂದು ಹೆಡ್‌ಮಾಸ್ಟರು ಅಪ್ಪಣೆ ಕೊಡಿಸಿದರು. ನಮ್ಮನ್ನೆಲ್ಲ ಬಸ್ಸಿನಲ್ಲಿ ತುಂಬಿ ಕಳಿಸಿದರು. ಅಜ್ಜನ ಮನೆಯ ಕಣದ ಕೊಟ್ಟಿಗೆಯಲ್ಲಿ ಹುಲ್ಲು ಹಾಸಿ ನಮ್ಮ ವಾಸ.

ಮೊದಲ ಬೆಳಿಗ್ಗೆ ಅಜ್ಜ ಬದುವಿನ ಮೇಲೆ ನಿಂತು ಕೇಳಿದರು, "ಇದರಲ್ಲಿ ನಾಟಿ ಗೊತ್ತಿರುವವ ಯಾರುಂಟು ಮೋನೆ?" ಮೋನೆ ಎಂದರೆ ಅವರ ಮಾತಿನಲ್ಲಿ ಮಗನೇ ಎಂದು.

ನಾಲ್ಕೈದು ಕೈ ಎದ್ದವು. ಅಜ್ಜ ಎಲ್ಲರಿಗೂ ಒಂದೊಂದು ಹಿಡಿ ಅಗೆ ಕೊಟ್ಟು ನೆಡಿಸಿ ನೋಡಿದರು. ನನ್ನದನ್ನು ನೋಡಿ, "ನೀನು ಬದುವಿನ ಪಕ್ಕ ನಿಲ್ಲು" ಅಂದರು.

ನಾಟಿ ನೋಡದವರಿಗೆ ಇದನ್ನು ಹೇಳಬೇಕು. ನೆಡುವವರು ಸಾಲಾಗಿ ನಿಂತು, ಬಗ್ಗಿ, ಹಿಂದಕ್ಕೆ ಹೆಜ್ಜೆ ಇಡುತ್ತ ಬರುತ್ತಾರೆ. ನೆಟ್ಟದ್ದು ಮುಂದೆ ಉಳಿಯುತ್ತದೆ. ಬದುವಿನ ಪಕ್ಕದವನು ಹೇಗೆ ಸರಿಯುತ್ತಾನೋ ಸಾಲು ಹಾಗೆ ಸರಿಯುತ್ತದೆ. ನಡುವೆ ಯಾರಾದರೂ ನಿಧಾನವಾದರೆ ಅಕ್ಕಪಕ್ಕದವರು ಹಿಂದೆ ದಾಟಿ, ಅವನ ಬೆನ್ನ ಹಿಂದೆಯೂ ನೆಟ್ಟು ಕೂಡಿಸಿಬಿಡುತ್ತಾರೆ. ಆಮೇಲೆ ಅವನ ಸುತ್ತ ಎಲ್ಲ ಕಡೆ ಅಗೆ, ನಡುವೆ ಒಂದು ಚಾಪೆಯಗಲ ಬರಿ ಕೆಸರು. ಅಗೆ ಮೆಟ್ಟಿ ಹೊರಬರುವ ಹಾಗಿಲ್ಲ. ಸಾಲಿನವರನ್ನು ಕೂಗಿ, ಅವರು ಕೇಳಿದ್ದಕ್ಕೆ ಒಪ್ಪಬೇಕು. ಬಾಳೆಹಣ್ಣೋ ಒಂದು ಹಾಡೋ ಏನಾದರೊಂದು. ಒಪ್ಪಿದರೆ ನಾಲ್ಕು ಅಗೆ ಕಿತ್ತು ದಾರಿ ಬಿಟ್ಟು, ಅವನು ದಾಟಿದ ಮೇಲೆ ಮತ್ತೆ ನೆಡುತ್ತಾರೆ. ಗದ್ದೆಯ ಯಜಮಾನ ಕೂಡ ನಡುವೆ ಬಾಯಿ ಹಾಕುವಂತಿಲ್ಲ. ನಮ್ಮೂರಲ್ಲೂ ಈ ತಮಾಷೆ ಇತ್ತು, ಅಜ್ಜನ ಕಡೆಯೂ ಇತ್ತು.

ಇದು ನೆನಪಾದ ಮೇಲೆ ನನಗೆ ಬೇರೆ ಯೋಚನೆಯೇ ಇರಲಿಲ್ಲ.

ವಸಂತ ಗದ್ದೆಗೆ ಇಳಿಯಲಿಲ್ಲ. ಗಂಬೂಟು ಹಾಕಿ, ರೈನ್‌ಕೋಟು ತೊಟ್ಟು, ಬದುವಿನ ಮೇಲೆ ಅತ್ತಿಂದಿತ್ತ ನಡೆಯುತ್ತ ವಿಸಿಲ್ ಊದುತ್ತಿದ್ದ. ಒಂದು ಊದಿದರೆ ಬಗ್ಗಬೇಕು, ಎರಡು ಊದಿದರೆ ಏಳಬೇಕು. ಮೊದಲ ದಿನ ಎಲ್ಲರೂ ಹಾಗೆ ಮಾಡಿದರು. ಎರಡನೆಯ ದಿನಕ್ಕೆ ಸೊಂಟ ಹಿಡಿದವರಿಗೆಲ್ಲ ಅವನ ವಿಸಿಲಿಗಿಂತ ನನ್ನ ಕಾಲು ಬೇಕಾಯಿತು. ನಾನು ನಿಂತರೆ ನಿಲ್ಲುತ್ತಿದ್ದರು, ಸರಿದರೆ ಸರಿಯುತ್ತಿದ್ದರು.

ನಾನು ಅಲ್ಲಿ ಕಲಿತಷ್ಟನ್ನು ಯಾವ ಭಾಷಣವೂ ಕಲಿಸಲಿಲ್ಲ. ಹಿಂದೆ ತಿರುಗಿ ನೋಡದ ನಾಯಕನನ್ನು ಹೆಡ್‌ಮಾಸ್ಟರು ಹೊಗಳುತ್ತಿದ್ದರು. ನಾನೋ ತಲೆ ಬಗ್ಗಿಸಿಕೊಂಡೇ ಇಡೀ ಸಾಲನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಯಾರಿಗೆ ಉಸಿರು ಸಿಗುತ್ತಿಲ್ಲ, ಯಾರ ಅಗೆ ತೇಲುತ್ತಿದೆ, ಯಾರು ಇವತ್ತು ಮನೆ ನೆನೆದು ಮಂಕಾಗಿದ್ದಾನೆ ಎಲ್ಲ ನನಗೆ ಗೊತ್ತಿರುತ್ತಿತ್ತು. ಜಿಗಣೆ ಹತ್ತಿದವನಿಗೆ ಸುಣ್ಣ ಹಚ್ಚಿದೆ. ಮಳೆಗೆ ಬೆನ್ನ ಮೇಲೆ ಹೊದೆಯುವ ಗೊರಬೆ ಹರಿದವನಿಗೆ ನನ್ನ ಗೊರಬೆ ಕೊಟ್ಟು ನಾನು ನೆನೆದೆ. ಅಜ್ಜನ ಮನೆಯ ಕಡುಬಿನಲ್ಲಿ ನನ್ನ ಪಾಲಿನದನ್ನು ಹಸಿದವನ ಎಲೆಗೆ ಹಾಕಿದೆ. ಎಲ್ಲವೂ ಸೇಡಿಗಾಗಿ. ಅವರ ಮೇಲೆ ನನಗೆ ಎಳ್ಳಷ್ಟೂ ಪ್ರೀತಿಯಿರಲಿಲ್ಲ. ಗೇಟಿನ ಬಳಿ ಬಾಯಿಗೆ ಬೀಗ ಹಾಕಿಕೊಂಡು ನಿಂತವರು ಇವರೇ ತಾನೆ? ಆದರೆ ಒಬ್ಬನಿಂದ ಗದ್ದೆಯ ನಡುವೆ ಯಾರನ್ನೂ ಕೂಡಿಹಾಕಲು ಆಗುವುದಿಲ್ಲ. ನನಗೆ ಇಡೀ ಸಾಲು ಬೇಕಿತ್ತು.

ಆ ಸಾಲಿನಲ್ಲಿ ಎಲ್ಲರಿಗಿಂತ ನಿಧಾನಿ ಹಂಸ. ಕುಟ್ಟ ಎಂಬ ಊರಿನ ಅಂಗಡಿಯವರ ಮಗ, ಮಾಪಿಳ್ಳೆ ಹುಡುಗ. ಗದ್ದೆಗೆ ಕಾಲಿಟ್ಟವನೇ ಅಲ್ಲ. ಕಳಲೆಗೆ ಹೋದ ಗುಂಪಿನಲ್ಲೂ ಅವನಿರಲಿಲ್ಲ, ಜ್ವರ ಬಂದು ಮಲಗಿದ್ದ. "ಪಡಚ್ಚೋನೇ, ನನ್ನ ಸೊಂಟ ಎಲ್ಲಿ ಹೋಯ್ತು ಮಾರಾಯಾ" ಎಂದು ಅವನು ಗೋಳಾಡುತ್ತಿದ್ದರೆ ಸಾಲಿಗೆ ಸಾಲೇ ನಗುತ್ತಿತ್ತು. ಅವನನ್ನು ಕೂಡಿಹಾಕೋಣ ಎಂದು ಹುಡುಗರು ದಿನವೂ ಹವಣಿಸುತ್ತಿದ್ದರು. ನಾನು ಬಿಡಲಿಲ್ಲ. ಅವನು ಹಿಂದೆ ಬಿದ್ದಾಗಲೆಲ್ಲ ನನ್ನ ಕಾಲು ನಿಧಾನ ಮಾಡಿದೆ, ಸಾಲು ನಿಧಾನವಾಯಿತು. ಆ ತಮಾಷೆಯನ್ನು ಅಗ್ಗ ಮಾಡಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಹಂಸ ಅದನ್ನು ಒಳ್ಳೆಯತನ ಎಂದುಕೊಂಡ. ಸಂಜೆ ನನ್ನ ಬಟ್ಟೆಯನ್ನೂ ಹಿಂಡಿ ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತಿದ್ದ.

ಕೊನೆಗೆ ದೊಡ್ಡ ಗದ್ದೆ ಒಂದು ಉಳಿಯಿತು. ಆ ಕಡೆ ದೊಡ್ಡ ಗದ್ದೆ ನೆಟ್ಟು ಮುಗಿದ ದಿನ ಓಟವಿರುತ್ತದೆ. ಕೆಳಗಿನ ಬದುವಿನುದ್ದಕ್ಕೂ ನೆಡದೆ ಒಂದು ಪಟ್ಟಿ ಬಿಟ್ಟು, ಆ ಕೆಸರಿನಲ್ಲಿ ನೆಟ್ಟವರೆಲ್ಲ ಓಡುತ್ತಾರೆ. ಗೆದ್ದವನಿಗೆ ಬಾಳೆಗೊನೆ, ತೆಂಗಿನಕಾಯಿ, ವೀಳ್ಯ. ನೋಡಲು ಹೆಡ್‌ಮಾಸ್ಟರು ಬಂದರು, ಅವರ ಜೊತೆ ವಸಂತನ ತಂದೆ, ಮಡಿಕೇರಿಯ ಒಬ್ಬ ಫೋಟೋಗ್ರಾಫರು. ಬದುವಿನ ಮೇಲೆ ಛತ್ರಿಗಳ ಸಾಲು.

ಹಿಂದಿನ ದಿನ ಊಟದ ಹೊತ್ತಿಗೆ ನಾನು ಹುಡುಗರಿಗೆ ಹೇಳಿದ್ದು ಇಷ್ಟೇ. "ನಾಳೆ ಅವನು ಇಳೀತಾನೆ. ನನ್ನ ಕಾಲು ನೋಡ್ತಾ ಬನ್ನಿ."

ಇಳಿದ. ಫೋಟೋ ಇರುವಾಗ ಇಳಿಯದೆ ಇರುತ್ತಾನೆಯೇ? ಗಂಬೂಟು ಬಿಚ್ಚಿ, ಪ್ಯಾಂಟು ಮಡಚಿ, ಸಾಲಿನ ನಟ್ಟನಡುವೆ ಬಂದು ನಿಂತ. ನಾಟಿ ಬಲ್ಲ ಯಾರೂ ಮೊದಲ ದಿನ ನಡುವೆ ನಿಲ್ಲುವುದಿಲ್ಲ, ಅಂಚಿನಲ್ಲಿ ನಿಲ್ಲುತ್ತಾರೆ. ಅಂಚಿನವನನ್ನು ಕೂಡಿಹಾಕಲಾಗುವುದಿಲ್ಲ. ಅದನ್ನು ಅವನಿಗೆ ಹೇಳುವವರು ಯಾರು?

ಸ್ವಲ್ಪ ಹೊತ್ತು ಮೆಲ್ಲಗೆ ಬಂದೆ. ಫೋಟೋ ಆಯಿತು. ಆಮೇಲೆ ಕಾಲು ಬೀಸಿದೆ. ಸಾಲಿಗೆ ಸಾಲೇ ನನ್ನ ಜೊತೆ ಹಿಂದಕ್ಕೆ ಹರಿಯಿತು, ಒಂದು ಮಾತಿಲ್ಲ, ಒಂದು ನಗುವಿಲ್ಲ. ಹಂಸ ಮಾತ್ರ ಬೇರೆ ತುದಿಯಲ್ಲಿ ಏದುಸಿರು ಬಿಡುತ್ತ ಬಂದ, ಆ ತುದಿಯನ್ನು ಅವನಿಗೆ ನಾನೇ ಕೊಟ್ಟಿದ್ದೆ. ವಸಂತ ತಲೆಯೆತ್ತುವ ಹೊತ್ತಿಗೆ ಅವನ ಬೆನ್ನ ಹಿಂದೆ ಅಗೆ ಕೂಡಿಯಾಗಿತ್ತು.

"ಸಿಕ್ಕಿದ! ಸಿಕ್ಕಿದ!" ಎಂದು ಬೆಳ್ಯಪ್ಪಜ್ಜ ಕೈ ತಟ್ಟಿದರು. ಹೆಡ್‌ಮಾಸ್ಟರು ನಕ್ಕರು, ವಸಂತನ ತಂದೆ ಎಲ್ಲರಿಗಿಂತ ಜೋರಾಗಿ ನಕ್ಕರು.

ವಸಂತ ವಿಸಿಲ್ ಊದಿದ. ಯಾರೂ ತಿರುಗಲಿಲ್ಲ. ಗದ್ದೆ ಮುಗಿಸಿ, ಬದು ಹತ್ತಿ, ಕೈ ತೊಳೆದೆವು. ಮತ್ತೆ ಊದಿದ. ನಾನು ಅವನೆದುರಿನ ಬದುವಿಗೆ ಹೋಗಿ ನಿಂತೆ.

"ಎಂತ ಬೇಕು ಹೇಳು. ಬಾಳೆಹಣ್ಣು ಕೊಡಿಸ್ತೇನೆ ಎಲ್ಲರಿಗೂ" ಅಂದ.

"ಹಣ್ಣು ಬ್ಯಾಡ. ಅವತ್ತು ಕಳಲೆಗೆ ಕರ್ಕೊಂಡ್ ಹೋದೋನು ಯಾರು ಅಂತ ಹೇಳು."

ಬದುವಿನ ಮೇಲೆ ನಗು ನಿಂತಿತು. ವಸಂತ ಅಗೆಯ ಮೇಲೆ ಕಾಲೆತ್ತಿದ. "ಮೆಟ್ಟಬೇಡ!" ಎಂದು ಅಜ್ಜ ಗುಡುಗಿದರು. ಎತ್ತಿದ ಕಾಲು ಅಲ್ಲೇ ಇಳಿಯಿತು. ಅವನು ತಂದೆಯ ಕಡೆ ನೋಡಿದ, ಹೆಡ್‌ಮಾಸ್ಟರ ಕಡೆ ನೋಡಿದ. ಮಳೆ ಜೋರಾಯಿತು. ಆಮೇಲೆ ಏನೋ ಗೊಣಗಿದ.

"ಕೇಳ್ಸಲಿಲ್ಲ" ಅಂದೆ. ಕೇಳಿಸಿತ್ತು.

"ನಾನೇ ಕರ್ಕೊಂಡು ಹೋದದ್ದು."

"ಕೇಳ್ಸಲಿಲ್ಲ."

"ನಾನೇ! ನಾನೇ ಕರ್ಕೊಂಡು ಹೋದದ್ದು! ತಮ್ಮಯ್ಯ ನಮ್ಮನ್ನು ಹುಡುಕಿ ಬಂದದ್ದು!" ಎಂದು ಕಿರುಚಿದ. ಅಳುತ್ತಿದ್ದ.

ಆ ಮಾತು ಎಷ್ಟು ರುಚಿಯಾಗಿತ್ತು ಎಂದರೆ ಇವತ್ತಿಗೂ ನನ್ನ ನಾಲಿಗೆಯ ಮೇಲಿದೆ. ಅವರಪ್ಪ ಛತ್ರಿ ಬಗ್ಗಿಸಿ ಮುಖ ಮುಚ್ಚಿಕೊಂಡರು. ಹೆಡ್‌ಮಾಸ್ಟರು ನನ್ನ ಬಳಿ ಬಂದು, "ವಿಸಿಲ್ ಇವತ್ತೇ ನಿನಗೆ ವಾಪಸು. ನಿಮ್ಮ ತಂದೆಗೆ ನಾನೇ ಕಾಗದ ಬರೀತೇನೆ" ಅಂದರು. ನಾನು ಕೇಳಿದ್ದೆಲ್ಲ ಸಿಕ್ಕಿತ್ತು. ಇಬ್ಬರು ಹುಡುಗರು ಅಗೆ ಕಿತ್ತು ದಾರಿ ಮಾಡಲು ಬಗ್ಗಿದರು.

"ಬ್ಯಾಡ" ಅಂದೆ. "ಇರಲಿ. ಓಟ ಮುಗೀಲಿ."

ಬಗ್ಗಿದವರು ಎದ್ದು ನಿಂತರು. ಹೆಡ್‌ಮಾಸ್ಟರು ಅಜ್ಜನ ಮುಖ ನೋಡಿದರು, ಅಜ್ಜ ಪದ್ಧತಿಗೆ ಕಟ್ಟುಬಿದ್ದು ಸುಮ್ಮನಿದ್ದರು. ಅಷ್ಟು ಜನರನ್ನು ನನ್ನ ಒಂದು ಮಾತು ಹಿಡಿದು ನಿಲ್ಲಿಸಿತಲ್ಲ! ಇದೇ ಕಣಯ್ಯಾ ನಾಯಕತ್ವ ಎಂದುಕೊಂಡೆ. ಎದೆ ಉಬ್ಬಿತು. ಅವನು ಅಲ್ಲಿ ಮೊಣಕಾಲು ಕೆಸರಿನಲ್ಲಿ ನಡುಗುತ್ತ ನಿಂತು ನನ್ನ ಓಟ ನೋಡಬೇಕು, ನನ್ನಪ್ಪ ನಿಂತ ಹಾಗೆ ಮಳೆಯಲ್ಲಿ ನಿಲ್ಲಬೇಕು. ನನಗೆ ಬೇಕಾಗಿದ್ದದ್ದು ಅದೇ.

"ಅವನಿಗೆ ಚಳಿ ಆಗ್ತದೆ ತಮ್ಮಯ್ಯಾ" ಎಂದ ಹಂಸ, ನನ್ನ ಹಿಂದಿನಿಂದ.

"ಆಗ್ಲಿ ಬಿಡು" ಅಂದೆ.

ಪಟ್ಟಿಯ ತುದಿಯಲ್ಲಿ ಸಾಲಾಗಿ ನಿಂತೆವು. ಅಜ್ಜ ಆ ತುದಿಗೆ ಹೋಗಿ ಬಾಳೆಗೊನೆಯ ಪಕ್ಕ ನಿಂತು ಕೂಗು ಹಾಕಿದರು. ನಾನು ಹಾರಿದೆ. ಕೆಸರಿನಲ್ಲಿ ಓಡುವುದು ನನಗೆ ಚಿಕ್ಕಂದಿನಿಂದ ಅಭ್ಯಾಸ. ಪಾದ ಪೂರ್ತಿ ಊರಬಾರದು, ಹಿಂದೆ ನೋಡಬಾರದು. ನೋಡಲಿಲ್ಲ. ಮಳೆಯ ಸದ್ದಿನಲ್ಲಿ ಬೇರೆ ಹೆಜ್ಜೆಯ ಸದ್ದು ಕೇಳಲಿಲ್ಲ. ಎಲ್ಲರನ್ನೂ ಅಷ್ಟು ಹಿಂದೆ ಹಾಕಿದ್ದೇನೆ ಎಂದು ಇನ್ನೂ ಜೋರಾಗಿ ಓಡಿದೆ. ತುದಿ ಮುಟ್ಟಿ ಬಾಳೆಗೊನೆಯನ್ನು ಅಪ್ಪಿಕೊಂಡು ತಿರುಗಿದೆ.

ಪಟ್ಟಿಯಲ್ಲಿ ಯಾರೂ ಇರಲಿಲ್ಲ. ಗದ್ದೆಯ ನಡುವೆ ಹಂಸ ಬಗ್ಗಿಕೊಂಡು ಅಗೆ ಕಿತ್ತು ದಾರಿ ಮಾಡುತ್ತಿದ್ದ, ಒಂದೊಂದೇ ಬುಡವನ್ನು ಜೋಪಾನವಾಗಿ ಎಡಗೈಯಲ್ಲಿ ಹಿಡಿದುಕೊಳ್ಳುತ್ತ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಓಡಲು ನಿಂತವರೆಲ್ಲ ಅಲ್ಲಿದ್ದರು. ಒಬ್ಬ ವಸಂತನಿಗೆ ಗೊರಬೆ ಹೊದಿಸುತ್ತಿದ್ದ. ವಸಂತ ಹೊರಗೆ ಬಂದ, ಬಂದವನು ಬದು ಹತ್ತಲಿಲ್ಲ. ಹಂಸನ ಪಕ್ಕ ಬಗ್ಗಿ, ಕಿತ್ತ ಅಗೆಯನ್ನು ತಾನೂ ಮತ್ತೆ ನೆಡತೊಡಗಿದ. ಛತ್ರಿ ಹಿಡಿದವರೆಲ್ಲ ಅವರನ್ನೇ ನೋಡುತ್ತಿದ್ದರು.

ಬೆಳ್ಯಪ್ಪಜ್ಜ ನನ್ನ ಕೈಗೆ ತೆಂಗಿನಕಾಯಿ ಕೊಟ್ಟರು. "ಎಂತ ಮೋನೆ, ಒಬ್ಬನೇ ಓಡಿ ಗೆದ್ದಿಯಲ್ಲ" ಅಂದರು. ಹಂಗಿಸಿ ಹೇಳಿದರೋ ಪಾಪ ಎಂದು ಹೇಳಿದರೋ ತಿಳಿಯಲಿಲ್ಲ.

ಅಪ್ಪನಿಗೆ ಕಾಗದ ಹೋಯಿತು, ನನಗೆ ವಿಸಿಲ್ ಬಂತು. ಊದಿದರೆ ಹುಡುಗರು ಬರುತ್ತಿದ್ದರು, ಇಲ್ಲವೆನ್ನಲಾರೆ. ಆದರೆ ಜ್ವರ ಬಂದವನು ಹಂಸನನ್ನು ಕರೆಯುತ್ತಿದ್ದ, ಅಡುಗೆಭಟ್ಟರು ಮುನಿಸಿಕೊಂಡರೆ ಹಂಸನನ್ನು ಕಳಿಸುತ್ತಿದ್ದರು. ಹಂಸ ಎಂದಿನಂತೆ ನನ್ನ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದ. ಒಂದು ಸಂಜೆ ಅವನ ಕೈಯಿಂದ ನನ್ನ ಅಂಗಿಯನ್ನು ಕಿತ್ತುಕೊಂಡೆ. ಅವನಿಗೆ ಯಾಕೆಂದು ಗೊತ್ತಾಗಲೇ ಇಲ್ಲ.

ವಸಂತನ ಮೇಲಿನ ದ್ವೇಷ ಆ ಗದ್ದೆಯಲ್ಲೇ ತೀರಿತು. ಆಮೇಲೆ ಅವನು ಎಲ್ಲಿ ಸಿಕ್ಕರೂ ಕೂತು ಕಾಫಿ ಕುಡಿದಿದ್ದೇವೆ. ಹಂಸನನ್ನು ಮಾತ್ರ ನಾನು ಇನ್ನೂ ಕ್ಷಮಿಸಿಲ್ಲ.